ಅಪ್ಪನಿಗೆ ಶ್ವಾಸಕೋಶದ ಕ್ಯಾನ್ಸರ್, ಕೀಮೋ ನಡೆಯುತ್ತಿದೆ. ಮಾತೇ ಬಿಟ್ಟಿದ್ದಾರೆ. ಇದು ಖಿನ್ನತೆಯಾ, ಕಾಯಿಲೆಯ ಸುಸ್ತಾ?

ಎರಡೂ ಇರಬಹುದು. ಹಸಿವಿಲ್ಲ, ನಿದ್ದೆಯಿಲ್ಲ, ಮೈಯಲ್ಲಿ ಕಸುವಿಲ್ಲ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಕೀಮೋ ತಗೊಳ್ಳುವವರಿಗೂ ಅದೇ, ಖಿನ್ನತೆಯಲ್ಲೂ ಅದೇ. ಬರೀ ಸುಸ್ತಾದವರು ಏಳಲಾಗದಿದ್ದರೂ ಮೊಮ್ಮಗು ಬಂದರೆ ಮುಖ ಅರಳಿಸುತ್ತಾರೆ, ಮ್ಯಾಚ್ ಏನಾಯ್ತು ಅಂತ ಕೇಳುತ್ತಾರೆ. ಯಾವುದೂ ಬೇಡ, ಯಾರೂ ಬೇಡ, 'ನನ್ನಿಂದ ನಿಮಗೆಲ್ಲ ತೊಂದರೆ' ಅನ್ನುವುದು ಎರಡು ವಾರ ದಾಟಿದರೆ ಖಿನ್ನತೆ ಇರಬಹುದು ಅಂತಲೇ ಡಾಕ್ಟರ ಹತ್ತಿರ ಮಾತಾಡಿ.

ನಮ್ಮ ದೊಡ್ಡಪ್ಪನಿಗೆ ಇದೇ ಕಾಯಿಲೆ ಬಂದಾಗ ಜೊತೆಗಿದ್ದು ನೋಡಿಕೊಂಡವಳು ನಾನು. ನೋಡಲು ಬಂದವರೆಲ್ಲ ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುತ್ತಿದ್ದದ್ದು ಒಂದೇ: 'ಬೀಡಿ ಜಾಸ್ತಿ ಸೇದ್ತಿದ್ರಾ?' ದೊಡ್ಡಪ್ಪ ಗೋಡೆ ಕಡೆ ಹೊರಳಿಬಿಡುತ್ತಿದ್ದರು. ಆಮೇಲಾಮೇಲೆ ಗೇಟಿನ ಸದ್ದು ಕೇಳಿದರೆ ಸಾಕು, ಹೊದಿಕೆ ಮುಖದ ಮೇಲೆ ಎಳೆದುಕೊಳ್ಳೋರು. ನೆಂಟರು 'ಪಾಪ, ನಿದ್ದೆ ಬಂದಿದೆ' ಅಂತ ಹೊರಟುಹೋಗೋರು. ರಕ್ತದ ಕ್ಯಾನ್ಸರ್ ಬಂದವರನ್ನು ಯಾರೂ ಹೀಗೆ ಲೆಕ್ಕ ಕೇಳುವುದಿಲ್ಲ ಅಲ್ವಾ? ಬೀಡಿ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ, ಹೆಂಗಸರಿಗೂ ಬರುತ್ತದೆ. ಅವರನ್ನೂ ಜನ ಬಿಡುವುದಿಲ್ಲ. ಕೊನೆಗೆ ದೊಡ್ಡಮ್ಮ ಬಾಗಿಲಲ್ಲೇ ನಿಂತು ಹೇಳಲು ಶುರುಮಾಡಿದರು: 'ಮಳೆ ಬೆಳೆ ಮಾತಾಡಿ, ಬೀಡಿ ವಿಷಯ ಎತ್ತಬೇಡಿ.' ಅಷ್ಟಕ್ಕೇ ಖಿನ್ನತೆ ವಾಸಿಯಾಗಲಿಲ್ಲ. ಆದರೆ ಬಂದವರ ಜೊತೆ ನಾಲ್ಕು ಮಾತಾಡುವಷ್ಟಾದರು. ನಿಮ್ಮ ಮನೆಯಲ್ಲೂ ಯಾರಾದರೂ ಗಟ್ಟಿಗರು ಈ ಕೆಲಸ ವಹಿಸಿಕೊಳ್ಳಲಿ.

'ಕ್ಯಾನ್ಸರ್ ಬಂದವರಿಗೆ ಬೇಜಾರಾಗದೆ ಇನ್ನೇನು' ಅಂತ ಕೈಬಿಡುವುದು ನನಗೆ ಒಪ್ಪಿಗೆಯಿಲ್ಲ. 2010ರಲ್ಲಿ ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಒಂದು ಅಧ್ಯಯನ ಹೊರಬಂತು. ಶ್ವಾಸಕೋಶದ ಕ್ಯಾನ್ಸರ್ ಬೇರೆ ಕಡೆಗೂ ಹರಡಿದ್ದ 151 ಜನ. ಒಂದು ಗುಂಪಿಗೆ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆಗೆ ಶುರುವಿನಿಂದಲೇ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ತಗ್ಗಿಸುವ ಆರೈಕೆ. ಮೊದಲ ಗುಂಪಿನಲ್ಲಿ ಖಿನ್ನತೆಯ ಲಕ್ಷಣ ಕಂಡದ್ದು ನೂರಕ್ಕೆ 38 ಜನರಲ್ಲಿ, ಎರಡನೆಯದರಲ್ಲಿ 16. ಈ ಎರಡನೇ ಗುಂಪಿನವರು ಮೊದಲ ಗುಂಪಿಗಿಂತ ಎರಡು ತಿಂಗಳಿಗೂ ಜಾಸ್ತಿ ಕಾಲ ಬದುಕಿದರು. ನಮ್ಮಲ್ಲಿ ಪ್ಯಾಲಿಯೇಟಿವ್ ಕೇರ್ ಅಂದರೆ 'ಕೈಚೆಲ್ಲಿದರು' ಅಂತ ಜನ ಹೆದರುತ್ತಾರೆ. ಕೀಮೋ ನಡೆಯುವಾಗಲೇ ಕೇಳಿ. ನೋವು, ಉಬ್ಬಸ ಹತೋಟಿಗೆ ಬಂದರೆ ಮನಸ್ಸಿಗೂ ಅರ್ಧ ಉಸಿರು ಬರುತ್ತದೆ.

ಆಂಕಾಲಜಿಸ್ಟ್ (ಕ್ಯಾನ್ಸರ್ ಡಾಕ್ಟರು) ಹತ್ತಿರ ಇನ್ನೊಂದು ಕೇಳಿ: ರಕ್ತದಲ್ಲಿ ಸೋಡಿಯಂ, ಕ್ಯಾಲ್ಸಿಯಂ ನೋಡಿದ್ದೀರಾ ಅಂತ. ಈ ಕ್ಯಾನ್ಸರ್‌ನಲ್ಲಿ ಸೋಡಿಯಂ ಇಳಿಯುವುದುಂಟು, ಆಗಲೂ ಮಂಕಾಗುತ್ತಾರೆ. ಇಮ್ಯುನೋಥೆರಪಿ (ಕ್ಯಾನ್ಸರ್ ವಿರುದ್ಧ ಮೈಯ ರೋಗನಿರೋಧಕ ಶಕ್ತಿಯನ್ನೇ ಎಬ್ಬಿಸುವ ಚಿಕಿತ್ಸೆ) ಇದ್ದರೆ ಥೈರಾಯ್ಡ್ ಕೂಡ ನೋಡಬೇಕು. ಕೀಮೋ ಜೊತೆ ಕೊಡುವ ಸ್ಟಿರಾಯ್ಡ್ ನಿದ್ದೆ ಕೆಡಿಸುತ್ತದೆ. ಒಮ್ಮೆಲೇ ಗೊಂದಲ, ವಿಚಿತ್ರ ನಡವಳಿಕೆ ಕಂಡರೆ ತಡಮಾಡಬೇಡಿ, ಕ್ಯಾನ್ಸರ್ ಮೆದುಳಿಗೆ ಹೋಗಿದೆಯಾ ಅಂತ ನೋಡಬೇಕಾಗುತ್ತದೆ.

ಸೈಕಿಯಾಟ್ರಿಸ್ಟ್ ಮಾತ್ರೆ ಕೊಟ್ಟರೆ ಕೆಲಸ ಮಾಡಲು ಕೆಲವು ವಾರ ಬೇಕು. 'ಎರಡು ದಿನ ತಿಂದೆ, ಏನೂ ಆಗಲಿಲ್ಲ' ಅಂತ ನಿಲ್ಲಿಸಬಾರದು. ಮಿರ್ಟಾಜಪಿನ್ ಅಂತ ಒಂದಿದೆ, ನಿದ್ದೆಗೂ ಹಸಿವಿಗೂ ಒಳ್ಳೆಯದು. ಅದು ನಿಮ್ಮಪ್ಪನಿಗೆ ಹೊಂದುತ್ತದಾ ಅನ್ನುವುದನ್ನು ಸೈಕಿಯಾಟ್ರಿಸ್ಟೇ ಹೇಳಬೇಕು. ಕ್ಯಾನ್ಸರ್ ಮಾತ್ರೆಗಳ ಚೀಟಿಯನ್ನೂ ಅವರಿಗೆ ತೋರಿಸಿ. ಬೆಂಗಳೂರಿನ ಹತ್ತಿರ ಇದ್ದರೆ ಕ್ಯಾನ್ಸರ್‌ಗೆ ಕಿದ್ವಾಯಿ, ಮನಸ್ಸಿಗೆ ನಿಮ್ಹಾನ್ಸ್ ಇವೆ. ಮುಂದೆ ಆರೈಕೆ ಕಷ್ಟವಾದರೆ ಅಲ್ಲೇ ಇರುವ ಕರುಣಾಶ್ರಯ ಅನ್ನುವ ಆರೈಕೆ ಕೇಂದ್ರದಲ್ಲಿ ಹಣ ತಗೊಳ್ಳದೆ ನೋಡಿಕೊಳ್ಳುತ್ತಾರೆ.

'ಸಾಕಾಗಿದೆ, ಹೋಗಿಬಿಡಬೇಕು' ಅಂತ ಅಪ್ಪ ಅಂದರೆ ಮಾತು ತೇಲಿಸಬೇಡಿ. 'ಸಾಯೋ ಯೋಚನೆ ಬರ್ತಿದೆಯಾ ಅಪ್ಪ?' ಅಂತ ನೇರವಾಗಿ ಕೇಳಿ. ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಪ್ಪ ಹೌದು ಅಂದರೆ ಒಬ್ಬರನ್ನೇ ಬಿಡಬೇಡಿ, ಮಾತ್ರೆ ಡಬ್ಬಿ ನಿಮ್ಮ ಹತ್ತಿರ ಇರಲಿ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ.