ರಿಪೀಟರ್ ಎಷ್ಟು ಬ್ಯುಸಿ ಇರಬೇಕು? ನಿನ್ನೆಯ ಪ್ರಶ್ನೆಗೆ ಉತ್ತರ

ಸದಸ್ಯರೆಲ್ಲರಿಗೂ ನಮಸ್ಕಾರ. ನಿನ್ನೆ ಇಲ್ಲಿ, ನಮ್ಮ ಹವ್ಯಾಸಿ ರೇಡಿಯೊ (ಹ್ಯಾಮ್) ಬಳಗದಲ್ಲಿ, ಎರಡು ದೂರುಗಳು ಒಟ್ಟಿಗೇ ಬಂದವು. ಹಗಲಿಡೀ ಕರೆದರೂ ನಮ್ಮ ಗುಡ್ಡದ ರಿಪೀಟರ್‌ನಲ್ಲಿ (ಒಬ್ಬರ ದನಿಯನ್ನು ಹಿಡಿದು ದೂರದವರಿಗೂ ಕೇಳುವಂತೆ ಮತ್ತೆ ಪ್ರಸಾರ ಮಾಡುವ ಯಂತ್ರ) ಒಂದು ನರಪಿಳ್ಳೆಯೂ ಉತ್ತರ ಕೊಡುವುದಿಲ್ಲ ಎಂದು ಹೊಸನಗರದ ಕಡೆಯ ಸದಸ್ಯರೊಬ್ಬರು ಬರೆದರು. ಸಂಜೆ ಏಳರಿಂದ ಒಂಬತ್ತರವರೆಗೆ ಅದೇ ನಾಲ್ಕೈದು ಜನ ಮಾತಾಡುತ್ತಿರುವುದರಿಂದ ಉಳಿದವರಿಗೆ ಎಡೆಯೇ ಸಿಗುವುದಿಲ್ಲ ಎಂದು ಶಿವಮೊಗ್ಗ ನಗರದ ಹಿರಿಯರೊಬ್ಬರು ಬರೆದರು. ಈಚೆಗಷ್ಟೇ ಪರವಾನಗಿಯ ಜೊತೆ ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ರೇಡಿಯೊದಲ್ಲಿ ಬಳಸುವ ಗುರುತು) ಪಡೆದವರೊಬ್ಬರು, ಹಾಗಾದರೆ ಒಂದು ರಿಪೀಟರ್ ದಿನಕ್ಕೆ ಎಷ್ಟು ಹೊತ್ತು ಬಳಕೆಯಲ್ಲಿರಬೇಕು ಎಂದು ನೇರವಾಗಿ ಕೇಳಿದರು.

ದಿನಕ್ಕೆ ಇಷ್ಟು ಗಂಟೆ ಎಂದು ಅಳೆಯುವುದರಿಂದ ಹೆಚ್ಚಿನ ಉಪಯೋಗವಿಲ್ಲ ಎಂಬುದು ನನ್ನ ಅಭಿಪ್ರಾಯ. ಮೂರು ಗಂಟೆಯ ಮಾತು ಬೆಳಗಿನಿಂದ ರಾತ್ರಿಯವರೆಗೆ ಹಂಚಿಹೋದರೆ ಯಾರಿಗೂ ತೊಂದರೆಯಾಗದು. ಅದಷ್ಟೂ ಸಂಜೆಯೊಂದಕ್ಕೇ ಬಂದು ಬಿದ್ದರೆ ಮೇಲಿನ ಎರಡು ದೂರುಗಳೂ ಏಕಕಾಲಕ್ಕೆ ನಿಜವಾಗುತ್ತವೆ. ಆದ್ದರಿಂದ ಮಾತು ಅತಿ ಹೆಚ್ಚಾಗಿರುವ ಒಂದು ಗಂಟೆಯನ್ನು ಹಿಡಿದು ನೋಡಬೇಕು. ಆ ಗಂಟೆಯಲ್ಲಿ ಚಾನೆಲ್ 12 ನಿಮಿಷ ತುಂಬಿದ್ದರೆ, ಕರೆಯಲು ಬಂದವರಿಗೆ ಐದು ಸಲದಲ್ಲಿ ಒಂದು ಸಲ ಮಾತ್ರ ಅಲ್ಲಿ ಬೇರೆಯವರ ದನಿ ಕೇಳಿಸುತ್ತದೆ. ಕಾಯುವ ಹೊತ್ತು ಮಾತ್ರ ಇದೇ ಪ್ರಮಾಣದಲ್ಲಿ ಏರುವುದಿಲ್ಲ. ಒಂದು ಸಂಭಾಷಣೆ ಸರಾಸರಿ ಐದು ನಿಮಿಷದ್ದು, ಜನರು ತಮಗೆ ತೋಚಿದಾಗ ಬಂದು ಸರದಿಯಲ್ಲಿ ನಿಲ್ಲುತ್ತಾರೆ ಎಂದು ಇಟ್ಟುಕೊಂಡು ಸರದಿ ಸಾಲಿನ ಸರಳ ಸೂತ್ರವನ್ನು ಹಾಕಿದರೆ, ಐದನೆಯ ಒಂದು ಭಾಗ ತುಂಬಿದ ಚಾನೆಲ್‌ನಲ್ಲಿ ಸರಾಸರಿ ಒಂದೂಕಾಲು ನಿಮಿಷ, ಅರ್ಧ ತುಂಬಿದ್ದರಲ್ಲಿ ಐದು ನಿಮಿಷ, ಐದರಲ್ಲಿ ನಾಲ್ಕು ಭಾಗ ತುಂಬಿದ್ದರಲ್ಲಿ ಇಪ್ಪತ್ತು ನಿಮಿಷ ಕಾಯಬೇಕಾಗುತ್ತದೆ. ಇಪ್ಪತ್ತು ನಿಮಿಷ ಯಾರೂ ಕಾಯುವುದಿಲ್ಲ, ಸೆಟ್ ಆಫ್ ಮಾಡಿ ಊಟಕ್ಕೆ ಏಳುತ್ತಾರೆ. ಹಾಗಾಗಿ ದಟ್ಟಣೆಯ ಗಂಟೆಯಲ್ಲಿ ಹದಿನೈದು ನಿಮಿಷದ ಆಸುಪಾಸಿನ ಬಳಕೆಯನ್ನು ನಾನು ಆರೋಗ್ಯಕರ ಎನ್ನುತ್ತೇನೆ. ಅರ್ಧ ಗಂಟೆ ದಾಟಿತೆಂದರೆ ಏನಾದರೂ ಮಾಡಲೇಬೇಕು.

ಆ ಏನಾದರೂ ಎಂದರೆ ಮಾತನ್ನು ನಿಲ್ಲಿಸುವುದು ಎಂದಲ್ಲ. ಒಬ್ಬರು ಪಿಟಿಟಿ (ಮಾತಾಡುವಾಗ ಒತ್ತಿ ಹಿಡಿಯುವ ಗುಂಡಿ) ಬಿಟ್ಟ ಮೇಲೆ ಮತ್ತೊಬ್ಬರು ಒತ್ತುವ ಮೊದಲು ಎರಡು ಮೂರು ಸೆಕೆಂಡು ಬಿಟ್ಟರೆ, ತುಂಬಿದ ಚಾನೆಲ್‌ನಲ್ಲಿಯೂ ತುರ್ತು ಇರುವವರು ‘ಬ್ರೇಕ್’ ಎಂದು ನುಸುಳಬಹುದು. ಸಂಜೆಯ ಗುಂಪಿನವರು ಮಾಡದಿರುವುದು ಇದೊಂದನ್ನೇ; ಒಬ್ಬರ ಮಾತು ಮುಗಿದಾಗ ರಿಪೀಟರ್ ಕೊಡುವ ಬೀಪ್ ಕೇಳಿಸುವ ಮೊದಲೇ ಮುಂದಿನವರ ಮಾತು ಆರಂಭವಾಗಿರುತ್ತದೆ. ಒಬ್ಬರ ಮಾತು ಉದ್ದವಾದರೆ ತಾನೇ ಕಡಿಯುವ ಟೈಮ್‌ಔಟ್ ಮೂರು ನಿಮಿಷಕ್ಕೆ ಇರುವುದು ಸರಿಯಾಗಿಯೇ ಇದೆ, ಅದನ್ನು ಇನ್ನೂ ಇಳಿಸಿದರೆ ನಿಧಾನವಾಗಿ ಮಾತಾಡುವ ಹಿರಿಯರಿಗೆ ಕಿರಿಕಿರಿಯಾಗುತ್ತದೆ. ಮಾತಿನ ವಿಷಯಕ್ಕೆ ಬಂದರೆ, ಅಡಿಕೆ ಧಾರಣೆಯನ್ನು ವಿಚಾರಿಸುವುದು ಹರಟೆಯೊಳಗೆ ಬರುತ್ತದೆ ಎಂದುಕೊಳ್ಳೋಣ, ಆದರೆ ಲೋಡು ಕಳುಹಿಸುವ ವ್ಯವಹಾರವನ್ನು ಕುದುರಿಸುವುದು ಹವ್ಯಾಸಿ ಪರವಾನಗಿಗೆ ಸಲ್ಲದು.

ಸಿಂಪ್ಲೆಕ್ಸ್‌ಗೆ ಹೋಗಿ, ಅಂದರೆ ರಿಪೀಟರ್ ಬಿಟ್ಟು ಸೆಟ್‌ನಿಂದ ಸೆಟ್‌ಗೆ ನೇರವಾಗಿ ಮಾತಾಡಿ ಎಂದು ಎಲ್ಲರಿಗೂ ಒಂದೇ ಉಸಿರಿನಲ್ಲಿ ಹೇಳುವವರಿದ್ದಾರೆ. ಬಯಲಿನ ಊರುಗಳಿಗೆ ಅದು ಸರಿ. ನಮ್ಮ ರಿಪೀಟರ್‌ನ ಇನ್‌ಪುಟ್ (ಅದು ನಮ್ಮನ್ನು ಆಲಿಸುವ ಆವರ್ತನ) ಔಟ್‌ಪುಟ್‌ಗಿಂತ (ಅದು ಪ್ರಸಾರ ಮಾಡುವ ಆವರ್ತನ) 600 ಕಿಲೋಹರ್ಟ್ಸ್ ಕೆಳಗಿದೆ. ನಿಮ್ಮ ಸೆಟ್‌ನ ರಿವರ್ಸ್ ಗುಂಡಿಯನ್ನು ಒತ್ತಿ ಹಿಡಿದು ಎದುರಿನವರ ದನಿಯನ್ನು ನೇರವಾಗಿ ಇನ್‌ಪುಟ್‌ನಲ್ಲಿ ಆಲಿಸಿ, ಅದು ಸ್ಪಷ್ಟವಾಗಿ ಕೇಳಿಸಿದರೆ ನಿಮ್ಮಿಬ್ಬರಿಗೂ ರಿಪೀಟರ್ ಬೇಕಿಲ್ಲ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವೆ ಮಹಡಿಯ ಮೇಲೆ ಆಂಟೆನಾ ಇರುವವರಿಗೆ ಇದು ಬಹುಮಟ್ಟಿಗೆ ಸಾಧ್ಯ. ಆದರೆ ಆಗುಂಬೆಯ ಬುಡದಲ್ಲೋ ಹೊಸನಗರದ ಕಡೆಯ ಕಣಿವೆಯಲ್ಲೋ ಕುಳಿತವರಿಗೆ ಸುತ್ತಲಿನ ಗುಡ್ಡವೇ ಅಡ್ಡ, ಅವರಿಗೆ ರಿಪೀಟರ್ ಬಿಟ್ಟರೆ ಗತಿಯಿಲ್ಲ. ಆದ್ದರಿಂದ ದಟ್ಟಣೆ ಹೆಚ್ಚಿದಾಗ ಮೊದಲು ಜಾಗ ಬಿಡಬೇಕಾದವರು ಬಯಲಿನವರು, ಅಂದರೆ ನಮ್ಮಲ್ಲಿ ಹೆಚ್ಚಿನವರು.

ಇನ್ನು ಮಲೆನಾಡಿನ ರಿಪೀಟರ್‌ಗೆ ಬೇರೆ ಊರಿನವರು ಲೆಕ್ಕಕ್ಕೆ ತಾರದ ಒಂದು ಮಿತಿಯಿದೆ, ಅದು ಬ್ಯಾಟರಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟು ಇರುವುದಿಲ್ಲ, ಸೋಲಾರ್ ಪ್ಯಾನೆಲ್‌ಗೆ ಬಿಸಿಲೂ ಸಿಗುವುದಿಲ್ಲ. 25 ವ್ಯಾಟ್‌ನಲ್ಲಿ ಪ್ರಸಾರ ಮಾಡುವಾಗ ಸುಮಾರು 6 ಆಂಪಿಯರ್, ಸುಮ್ಮನೆ ಆಲಿಸುತ್ತಿರುವಾಗ ಅರ್ಧ ಆಂಪಿಯರ್ ಎಂದು ಹಿಡಿದರೆ, ದಿನಕ್ಕೆ ಆರು ಗಂಟೆ ಮಾತಿಗೆ 36 ಮತ್ತು ಇಡೀ ದಿನದ ಆಲಿಸುವಿಕೆಗೆ 12, ಒಟ್ಟು 48 ಆಂಪಿಯರ್-ಅವರ್ ಹೋಗುತ್ತದೆ. 100 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಒಳ್ಳೆಯದಲ್ಲವಾದ್ದರಿಂದ ಅಲ್ಲಿಗೆ ಒಂದೇ ದಿನದ ಕಥೆ. ಒಂದೂವರೆ ಗಂಟೆಯ ಮಾತಾದರೆ 21, ಎರಡು ದಿನ ದಾಟುತ್ತದೆ. ಪವರ್ ಅನ್ನು 25ರಿಂದ 10 ವ್ಯಾಟ್‌ಗೆ ಇಳಿಸಿದರೆ ಕೇಳುವವರಿಗೆ ಆಗುವ ನಷ್ಟ 4 ಡೆಸಿಬೆಲ್, ಸೆಟ್‌ನ ಮೀಟರ್ ಸಂಕೇತದ ಬಲವನ್ನು ತೋರಿಸುವ ಒಂದು ಮೆಟ್ಟಿಲಿಗಿಂತ (ಎಸ್-ಯೂನಿಟ್) ಕಡಿಮೆ; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆಯೇ ಇಡುವುದು ನನಗೆ ಸರಿ ಕಾಣುತ್ತದೆ. ಪಿಟಿಟಿ ಬಿಟ್ಟ ಮೇಲೂ ನಾಲ್ಕು ಸೆಕೆಂಡು ಉಳಿಯುವ ಖಾಲಿ ಪ್ರಸಾರವನ್ನು, ಅಂದರೆ ಟೇಲ್ ಅನ್ನು ಒಂದು ಸೆಕೆಂಡಿಗೆ ತಂದರೆ, ದಿನಕ್ಕೆ 300 ಸಲ ಟೇಲ್ ಬೀಳುವಲ್ಲಿ ಕಾಲು ಗಂಟೆಯ ಪ್ರಸಾರ ಉಳಿಯುತ್ತದೆ, ಯಾರ ಮಾತೂ ಕಡಿಮೆಯಾಗುವುದಿಲ್ಲ.

ಹೀಗೆಂದು ರಿಪೀಟರ್ ಅನ್ನು ತುರ್ತಿಗೆಂದು ಮೌನವಾಗಿ ಕಾದಿರಿಸಬೇಕು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೇಬಲ್‌ನ ಕನೆಕ್ಟರ್‌ಗೆ ಜೂನ್‌ನಲ್ಲಿ ನೀರು ಇಳಿದರೆ ಎಸ್‌ಡಬ್ಲ್ಯುಆರ್ (ಆಂಟೆನಾಕ್ಕೆ ಹೋಗದೆ ಹಿಂದಿರುಗುವ ಶಕ್ತಿಯ ಅಳತೆ) ಏರುತ್ತದೆ, ವ್ಯಾಪ್ತಿ ಕುಗ್ಗುತ್ತದೆ. ದಿನವೂ ಮಾತಾಡುವವರು ಇದ್ದರೆ ‘ಸಾಗರದ ಕಡೆಗೆ ಇವತ್ತು ಗರಗರ ಅನ್ನುತ್ತಿದೆ’ ಎಂದು ಅದೇ ದಿನ ಹೇಳುತ್ತಾರೆ, ಯಾರೂ ಇಲ್ಲದಿದ್ದರೆ ಆಗಸ್ಟ್‌ನಲ್ಲಿ ನೆರೆ ಬಂದಾಗಲೇ ಅದು ಸತ್ತಿರುವುದು ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಮೇಲೂ, ತುರ್ತಿನಲ್ಲಿ ರಿಪೀಟರ್ ಹೇಗೂ ಕೆಲಸ ಮಾಡೀತು ಎಂಬ ಭರವಸೆಯಲ್ಲಿ ಕೂರುವುದು ಸರಿಯಲ್ಲ. ಬೆಳಿಗ್ಗೆ ಏಳಕ್ಕೆ ಹತ್ತು ನಿಮಿಷ, ಮಧ್ಯಾಹ್ನ ಒಂದಕ್ಕೆ ಹತ್ತು ನಿಮಿಷ ಹಾಜರಿ ನೆಟ್ (ಗೊತ್ತಾದ ಹೊತ್ತಿಗೆ ಎಲ್ಲರೂ ಸೇರಿ ಹಾಜರಿ ಹೇಳುವ ಕೂಟ) ಇಟ್ಟರೆ ಹೊಸನಗರದ ಸದಸ್ಯರಿಗೂ ಉತ್ತರ ಸಿಗುತ್ತದೆ, ಸಂಜೆಯ ಒತ್ತಡವೂ ಅಷ್ಟಿಷ್ಟು ಇಳಿಯುತ್ತದೆ. ಕೊಯ್ಲು ಶುರುವಾದರೆ ಬೆಳಗಿನ ನೆಟ್‌ಗೆ ತೋಟದವರು ಬರುವುದಿಲ್ಲ ಎಂಬುದು ಗೊತ್ತಿದೆ, ಆ ತಿಂಗಳುಗಳಲ್ಲಿ ಮಧ್ಯಾಹ್ನದ್ದನ್ನೇ ಮುಖ್ಯವಾಗಿಸಬಹುದು.

ತೀರ್ಮಾನಕ್ಕೆ ಮೊದಲು ಒಂದು ವಾರದ ಲೆಕ್ಕ ಬೇಕು. ಯಾರ ಬಳಿಯಾದರೂ ಅಗ್ಗದ ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರ್‌ಗೆ ಸಿಕ್ಕಿಸುವ ರೇಡಿಯೊ ರಿಸೀವರ್) ಮತ್ತು ಹಳೆಯ ಲ್ಯಾಪ್‌ಟಾಪ್ ಇದ್ದರೆ ರಿಪೀಟರ್‌ನ ಔಟ್‌ಪುಟ್ ಆಲಿಸಲು ಕೂರಿಸಿ, ಪ್ರತಿ ಗಂಟೆಯಲ್ಲಿ ಎಷ್ಟು ನಿಮಿಷ ಕ್ಯಾರಿಯರ್ (ಪ್ರಸಾರದ ಸಂಕೇತ) ಇತ್ತು ಎಂಬುದನ್ನು ಮಾತ್ರ ದಾಖಲಿಸಿದರೆ ಸಾಕು, ಮಾತುಗಳನ್ನು ರೆಕಾರ್ಡ್ ಮಾಡುವ ಅಗತ್ಯವಿಲ್ಲ. ಡಾಂಗಲ್ ಇರುವವರು ಇಲ್ಲಿಯೇ ತಿಳಿಸಿ, ಸೋಮವಾರದಿಂದ ಶುರು ಮಾಡೋಣ.