ಓದುಗರ ಪ್ರಶ್ನೆಗಳಿಗೆ ಉತ್ತರ: ಕೊಲೆಸ್ಟ್ರಾಲ್ ಇಳಿಸುವಲ್ಲಿ ಊಟದ ಪಾಲೆಷ್ಟು?

ಪ್ರಶ್ನೆ: ನನಗೆ 42 ವರ್ಷ. ಒಟ್ಟು ಕೊಲೆಸ್ಟ್ರಾಲ್ 228, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 190, ಎಲ್‌ಡಿಎಲ್ 148 ಬಂದಿದೆ. ಬಿಪಿ, ಸಕ್ಕರೆ ಕಾಯಿಲೆ ಇಲ್ಲ, ಸಿಗರೇಟು ಸೇದುವುದಿಲ್ಲ. ಮೂರು ತಿಂಗಳು ಊಟ ತಿದ್ದಿಕೊಳ್ಳಿ, ಮಾತ್ರೆಯ ಮಾತು ಆಮೇಲೆ ಎಂದಿದ್ದಾರೆ ಡಾಕ್ಟರು. 'ಎಣ್ಣೆ ಕಡಿಮೆ ಮಾಡಿ' ಎಂಬುದು ಬಿಟ್ಟರೆ ಬೇರೇನೂ ಯಾರೂ ಹೇಳುತ್ತಿಲ್ಲ. ಲೆಕ್ಕ ಸಮೇತ ತಿಳಿಸುವಿರಾ?

ಉತ್ತರ: ಎಲ್‌ಡಿಎಲ್ ಎಂದರೆ 'ಕೆಟ್ಟ' ಕೊಲೆಸ್ಟ್ರಾಲ್, ಎಚ್‌ಡಿಎಲ್ ಎಂದರೆ 'ಒಳ್ಳೆಯ' ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಊಟಕ್ಕೆ ಕೈಹಾಕುವ ಮೊದಲು ಒಮ್ಮೆ ಥೈರಾಯ್ಡ್‌ನ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ. ಥೈರಾಯ್ಡ್ ಮಂದವಾಗಿದ್ದರೆ ಎಲ್‌ಡಿಎಲ್ ಏರುತ್ತದೆ. ಕಾರಣ ಅದೇ ಆಗಿದ್ದರೆ ಮೂರು ತಿಂಗಳ ಪಥ್ಯ ವ್ಯರ್ಥ.

ಅದು ಸರಿಯಿದ್ದರೆ, ಎಷ್ಟು ಎಣ್ಣೆ ಎನ್ನುವುದಕ್ಕಿಂತ ಯಾವ ಕೊಬ್ಬು ಎಂದು ಮೊದಲು ಕೇಳಿಕೊಳ್ಳಿ. ರಕ್ತದಲ್ಲಿರುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳುವುದು ಮುಖ್ಯವಾಗಿ ಲಿವರ್. ಅದರ ಜೀವಕೋಶಗಳ ಮೇಲೆ ಇದಕ್ಕೆಂದೇ ಗ್ರಾಹಕಗಳಿವೆ. ಬೆಣ್ಣೆಯಂತೆ ತಣ್ಣಗಾದಾಗ ಗಟ್ಟಿಯಾಗುವ ಸ್ಯಾಚುರೇಟೆಡ್ ಕೊಬ್ಬು ಹೆಚ್ಚಾದಷ್ಟೂ ಈ ಗ್ರಾಹಕಗಳ ಕೆಲಸ ತಗ್ಗುತ್ತದೆ, ಎಲ್‌ಡಿಎಲ್ ರಕ್ತದಲ್ಲೇ ಸುತ್ತುತ್ತಿರುತ್ತದೆ. ದಿನದ ಶಕ್ತಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಶೇ 6ರೊಳಗಿರಲಿ ಎನ್ನುತ್ತದೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್. 2,000 ಕ್ಯಾಲೊರಿ ತಿನ್ನುವವರಿಗೆ ಇದು ಸುಮಾರು 13 ಗ್ರಾಂ. ಒಂದು ದೊಡ್ಡ ಚಮಚ ಬೆಣ್ಣೆಯಲ್ಲಿ 7 ಗ್ರಾಂ ಇರುತ್ತದೆ, ಅಷ್ಟೇ ಕೊಬ್ಬರಿ ಎಣ್ಣೆಯಲ್ಲಿ 11ರಿಂದ 12 ಗ್ರಾಂ. ಬಿಸ್ಕೆಟ್, ಪಫ್, ಚೀಸ್, ಕೆನೆಹಾಲು, ಕೊಬ್ಬಿರುವ ಮಾಂಸ ಸೇರಿದರೆ 13 ಗ್ರಾಂ ದಾಟುವುದು ಗೊತ್ತೇ ಆಗುವುದಿಲ್ಲ. ಪ್ಯಾಕೆಟ್‌ನ ಹಿಂಬದಿಯಲ್ಲಿ 'ಪ್ರತಿ 100 ಗ್ರಾಂಗೆ' ಎಂಬ ಸಾಲು ಓದಿ, ನೀವು ತಿನ್ನುವ ತೂಕಕ್ಕೆ ಇಳಿಸಿ ಲೆಕ್ಕ ಹಾಕಿ. ಹೀಗೆ ಕಡಿಮೆ ಮಾಡಿದ ಕೊಬ್ಬಿನ ಜಾಗಕ್ಕೆ ಮೈದಾ, ಸಕ್ಕರೆ ಬಂದು ಕೂತರೆ ಎಲ್‌ಡಿಎಲ್ ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ, ಒಟ್ಟಾರೆ ಲಾಭವಿಲ್ಲ. ನಿಮ್ಮದು ಈಗಾಗಲೇ 150ರ ಗಡಿ ದಾಟಿದೆ. ಆ ಜಾಗಕ್ಕೆ ಸೂರ್ಯಕಾಂತಿ, ಸೋಯಾ, ಸಾಸಿವೆ, ಆಲಿವ್‌ನಂಥ ಎಣ್ಣೆ, ಬೀಜಗಳು, ಕಾಳುಗಳು ಬರಬೇಕು.

ಎರಡನೆಯದು ಕರಗುವ ನಾರು. ಲಿವರ್ ಕೊಲೆಸ್ಟ್ರಾಲ್‌ನಿಂದ, ಕೊಬ್ಬು ಜೀರ್ಣವಾಗಲು ಬೇಕಾದ ಪಿತ್ತಾಮ್ಲ ತಯಾರಿಸಿ ಕರುಳಿಗೆ ಬಿಡುತ್ತದೆ. ಸಣ್ಣ ಕರುಳಿನ ಕೊನೆಯಲ್ಲಿ ಅದರ ಬಹುಪಾಲು ಮತ್ತೆ ಹೀರಲ್ಪಟ್ಟು ಲಿವರ್‌ಗೇ ಮರಳುತ್ತದೆ. ಕರಗುವ ನಾರು ನೀರು ಹೀರಿ ಲೋಳೆಯಾಗಿ ಈ ಪಿತ್ತಾಮ್ಲವನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಕೊರತೆ ತುಂಬಲು ಲಿವರ್ ರಕ್ತದಿಂದ ಇನ್ನಷ್ಟು ಎಲ್‌ಡಿಎಲ್ ಎಳೆದುಕೊಳ್ಳಬೇಕಾಗುತ್ತದೆ. ಗೋಧಿ ತೌಡಿನ ಒರಟು ನಾರು ಮಲಬದ್ಧತೆಗೆ ಒಳ್ಳೆಯದು, ಈ ಕೆಲಸಕ್ಕೆ ಬಾರದು. ಓಟ್ಸ್, ಬಾರ್ಲಿ, ಕಾಳುಗಳು, ಸೇಬು, ಇಸಬ್ಗೋಲ್ ಬೇಕು.

ಓಟ್ಸ್‌ನಲ್ಲಿ ಕೆಲಸ ಮಾಡುವ ಅಂಶ ಬೀಟಾ ಗ್ಲೂಕನ್. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್ ಸಿಗಬೇಕಾದರೆ ಒಣ ಓಟ್ಸ್ 75ರಿಂದ 80 ಗ್ರಾಂ ಬೇಕು. ನಾಲ್ಕು ಚಮಚ ಓಟ್ಸ್ ಹಾಲಿಗೆ ಹಾಕಿಕೊಂಡು 'ನಾನು ಓಟ್ಸ್ ತಿನ್ನುತ್ತೇನೆ' ಎನ್ನುವವರು ಅರ್ಧ ದಾರಿಯಲ್ಲೂ ಇರುವುದಿಲ್ಲ. ಅಷ್ಟು ತಿನ್ನಲಾಗದಿದ್ದರೆ ಇಸಬ್ಗೋಲ್ ಹೊಟ್ಟು ಸುಲಭ. ಗುರಿ ದಿನಕ್ಕೆ ಸುಮಾರು 10 ಗ್ರಾಂ, ಎರಡು ಸಲಕ್ಕೆ ಹಂಚಿಕೊಂಡು. ಚಮಚದ ಅಳತೆ ನಂಬಬೇಡಿ. ಹೊಟ್ಟು ಹಗುರ, ಪುಡಿ ಭಾರ, ಹಾಗಾಗಿ ಒಮ್ಮೆ ತೂಗಿ ನೋಡಿಕೊಳ್ಳಿ. ಮೊದಲ ವಾರ 3ರಿಂದ 5 ಗ್ರಾಂ ಸಾಕು. ಮೊದಲ ದಿನವೇ ಪೂರ್ತಿ ಪ್ರಮಾಣ ತೆಗೆದುಕೊಂಡವರಿಗೆ ಹೊಟ್ಟೆ ಉಬ್ಬರಿಸಿ, ಅವರು ವಾರದೊಳಗೆ ಬಿಟ್ಟುಬಿಡುತ್ತಾರೆ. 5 ಗ್ರಾಂಗೆ ಕನಿಷ್ಠ 240 ಮಿ.ಲೀ. ನೀರಿರಲಿ, ಕದಡಿದ ಕೂಡಲೇ ಕುಡಿಯಿರಿ, ನಿಂತರೆ ಗಂಜಿಯಾಗುತ್ತದೆ. ನೀರು ಸಾಲದಿದ್ದರೆ ಮಲ ಗಟ್ಟಿಯಾಗುವುದಷ್ಟೇ ಅಲ್ಲ, ಗಂಟಲಲ್ಲೇ ಸಿಕ್ಕಿಕೊಳ್ಳಬಹುದು. ನುಂಗಲು ಕಷ್ಟವಿರುವವರು, ಕರುಳು ಕಿರಿದಾಗಿರುವವರು ಇದರ ತಂಟೆಗೆ ಹೋಗಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ, ಥೈರಾಯ್ಡ್ ಮಾತ್ರೆಗಾದರೆ ನಾಲ್ಕು ಗಂಟೆ.

ಮೂರನೆಯದಾಗಿ ದಿನಕ್ಕೆ 30 ಗ್ರಾಂನಷ್ಟು ಬಾದಾಮಿ ಅಥವಾ ಅಕ್ರೋಟು, ಉಪ್ಪು ಹಾಕಿರದ್ದು. ಅದರಲ್ಲಿ 170ರಿಂದ 200 ಕ್ಯಾಲೊರಿ ಇರುವುದರಿಂದ ಸಂಜೆಯ ತಿಂಡಿಯ ಬದಲಿಗೆ ತಿನ್ನಿ, ತಿಂಡಿಯ ಮೇಲಲ್ಲ.

ಇವುಗಳಲ್ಲಿ ನಾರು, ಬೀಜಗಳು ತಲಾ ಶೇ 5ರ ಆಸುಪಾಸು ಎಲ್‌ಡಿಎಲ್ ಇಳಿಸುತ್ತವೆ. ಕೊಬ್ಬು ಬದಲಿಸಿದ್ದರ ಫಲ ನೀವು ಇಲ್ಲಿಯವರೆಗೆ ಎಷ್ಟು ತಿನ್ನುತ್ತಿದ್ದಿರಿ ಎಂಬುದರ ಮೇಲಿದೆ. ಎಲ್ಲ ಸೇರಿ ಶೇ 10ರಿಂದ 20 ಇಳಿದರೆ, ಅಂದರೆ ನಿಮ್ಮ 148 ಎಂಬುದು 118ರಿಂದ 133ರ ನಡುವೆ ಬಂದರೆ, ಚೆನ್ನಾಗಿ ಮಾಡಿದ್ದೀರಿ ಎಂದರ್ಥ. ಮರುಪರೀಕ್ಷೆ ಎಂಟರಿಂದ ಹನ್ನೆರಡು ವಾರಕ್ಕೆ, ಅದೇ ಲ್ಯಾಬಿನಲ್ಲಿ ಆಗಲಿ. ಏನೂ ಬದಲಿಸದೆಯೂ ಎಲ್‌ಡಿಎಲ್ ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಶೇ 8-10ರಷ್ಟು ಅತ್ತಿತ್ತ ಆಗುತ್ತದೆ. ಹಾಗಾಗಿ 148 ಹೋಗಿ 141 ಬಂದರೆ ಸಂಭ್ರಮಿಸುವಂಥದ್ದಿಲ್ಲ, 153 ಬಂದರೆ ಕಂಗಾಲಾಗುವಂಥದ್ದೂ ಇಲ್ಲ. ಜ್ವರ ಬಂದು ಹೋದ ವಾರದಲ್ಲಿ ಮಾತ್ರ ಪರೀಕ್ಷೆ ಬೇಡ, ಕಾಯಿಲೆಯಲ್ಲಿ ಎಲ್‌ಡಿಎಲ್ ಸುಳ್ಳಾಗಿ ಕಡಿಮೆ ಬರುತ್ತದೆ.

ಪ್ರಶ್ನೆ: ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್ ಕುದಿಸಿ ಜೇನು ಬೆರೆಸಿದ ಕಷಾಯ ಹೃದಯದ ಬ್ಲಾಕ್ ಕರಗಿಸುತ್ತದೆ ಎಂಬ ಸಂದೇಶ ಎಲ್ಲ ಕಡೆ ಓಡಾಡುತ್ತಿದೆ. ನಿಜವೇ?

ಉತ್ತರ: ಇಲ್ಲ. ರಕ್ತನಾಳದ ಅಡಚಣೆ ಪೈಪಿನೊಳಗೆ ಕಟ್ಟಿಕೊಂಡ ಜಿಡ್ಡಿನಂಥದ್ದು ಎಂದುಕೊಳ್ಳುವುದರಿಂದಲೇ ಇಂಥ ಕಷಾಯಗಳು ಹುಟ್ಟುವುದು. ಅದು ಬೆಳೆಯುವುದು ನಾಳದ ಗೋಡೆಯ ಒಳಪದರದ ಅಡಿಯಲ್ಲಿ, ಕೊಬ್ಬು, ಉರಿಯೂತದ ಕೋಶಗಳು, ನಾರಿನಂಥ ಅಂಗಾಂಶ, ಸುಣ್ಣ ಎಲ್ಲ ಸೇರಿ. ಕುಡಿದ ನಿಂಬೆರಸ ಅದನ್ನು ತೊಳೆಯಲಾರದು.

ಬೆಳ್ಳುಳ್ಳಿಯನ್ನೇ ತೆಗೆದುಕೊಳ್ಳಿ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರಿಗೆ ಆರು ತಿಂಗಳ ಕಾಲ ಹಸಿ ಬೆಳ್ಳುಳ್ಳಿ, ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ ಅಥವಾ ಖಾಲಿ (ಔಷಧಿಯಿಲ್ಲದ) ಮಾತ್ರೆ ಕೊಟ್ಟು ನೋಡಿದರು. 2007ರಲ್ಲಿ ಪ್ರಕಟವಾದ ಫಲಿತಾಂಶ: ಯಾವುದರಿಂದಲೂ ಎಲ್‌ಡಿಎಲ್ ಇಳಿಯಲಿಲ್ಲ. 2022ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ತಂಡ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್ (ಸಸ್ಯಗಳಲ್ಲಿರುವ, ಕೊಲೆಸ್ಟ್ರಾಲ್ ಹೋಲುವ ಅಂಶ), ಕೆಂಪು ಯೀಸ್ಟ್ ಅಕ್ಕಿ (ಬೂಷ್ಟಿನಿಂದ ಹುದುಗಿಸಿದ ಅಕ್ಕಿ) ಇವುಗಳ ಗುಳಿಗೆಗಳನ್ನು, ಕೊಲೆಸ್ಟ್ರಾಲ್ ಇಳಿಸುವ 'ಸ್ಟ್ಯಾಟಿನ್' ಗುಂಪಿನ ಔಷಧಿ ರೊಸುವಾಸ್ಟ್ಯಾಟಿನ್‌ನ 5 ಮಿ.ಗ್ರಾಂ ಮಾತ್ರೆ ಎದುರು 28 ದಿನ ಇಟ್ಟು ನೋಡಿತು. ಆ ಸಣ್ಣ ಮಾತ್ರೆ ಎಲ್‌ಡಿಎಲ್ ಅನ್ನು ಶೇ 35ಕ್ಕೂ ಹೆಚ್ಚು ಇಳಿಸಿತು, ಗುಳಿಗೆಗಳಲ್ಲಿ ಒಂದೂ ಖಾಲಿ ಮಾತ್ರೆಯನ್ನು ಮೀರಿಸಲಿಲ್ಲ. ಸ್ಟೆರಾಲ್‌ನ ಗುಳಿಗೆಯೂ ಅಲ್ಲಿ ಸೋತಿತೆನ್ನುವುದನ್ನು ಹೇಳಲೇಬೇಕು. ಆಹಾರದಲ್ಲೇ ಬೆರೆಸಿದ ಸ್ಟೆರಾಲ್ ದಿನಕ್ಕೆ 2 ಗ್ರಾಂ, ಊಟದ ಜೊತೆ ಸೇರಿದಾಗ ಎಲ್‌ಡಿಎಲ್ ಶೇ 8-10 ಇಳಿಯುತ್ತದೆ ಎನ್ನಲು ಬೇರೆ ಹಲವು ಅಧ್ಯಯನಗಳಿವೆ. ಹಾಗಾಗಿ ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ, ಗುಳಿಗೆಗೆ ದುಡ್ಡು ಹಾಕಿ ಎನ್ನುವುದೂ ಇಲ್ಲ.

ಅಡುಗೆಗೆ ಬೆಳ್ಳುಳ್ಳಿ ಧಾರಾಳವಾಗಿ ಹಾಕಿ, ತೊಂದರೆಯಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮತ್ತು ಆಪರೇಷನ್‌ಗೆ ದಿನ ನಿಗದಿಯಾದವರು ಬೆಳ್ಳುಳ್ಳಿ ಗುಳಿಗೆಯಿಂದ ದೂರವಿರಿ, ರಕ್ತಸ್ರಾವ ಹೆಚ್ಚಬಹುದು.

ಪ್ರಶ್ನೆ: ಕೆಂಪು ಯೀಸ್ಟ್ ಅಕ್ಕಿಯ ಗುಳಿಗೆ 'ನೈಸರ್ಗಿಕ ಸ್ಟ್ಯಾಟಿನ್' ಅಂತೆ, ಅಡ್ಡಪರಿಣಾಮ ಇಲ್ಲವಂತೆ. ತೆಗೆದುಕೊಳ್ಳಬಹುದೇ?

ಉತ್ತರ: ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಅದರಲ್ಲಿರುವ ಮೊನಾಕೊಲಿನ್ ಕೆ ಎಂಬ ಅಂಶ ಮತ್ತು ಲೋವಾಸ್ಟ್ಯಾಟಿನ್ ಎಂಬ ಔಷಧಿ ಒಂದೇ ಅಣು. ಕೆಲಸ ಒಂದೇ ಎಂದ ಮೇಲೆ ಸ್ನಾಯು ನೋವು, ಲಿವರ್ ತೊಂದರೆಯ ಸಾಧ್ಯತೆಯೂ ಒಂದೇ. ಒಂದು ಡಬ್ಬಿಯಲ್ಲಿ ಮೊನಾಕೊಲಿನ್ ಹೆಸರಿಗಷ್ಟೇ ಇರಬಹುದು, ಇನ್ನೊಂದರಲ್ಲಿ ಔಷಧಿಯ ಪ್ರಮಾಣದಲ್ಲೇ ಇರಬಹುದು. ಹುದುಗಿಸುವಾಗ ಎಡವಟ್ಟಾದರೆ ಸಿಟ್ರಿನಿನ್ ಎಂಬ, ಮೂತ್ರಪಿಂಡಕ್ಕೆ ಹಾನಿ ಮಾಡುವ ವಿಷವೂ ಸೇರಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ 2022ರಲ್ಲಿ ದಿನಕ್ಕೆ 3 ಮಿ.ಗ್ರಾಂಗಿಂತ ಕಡಿಮೆ ಮೊನಾಕೊಲಿನ್ ಎಂಬ ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಸ್ಟ್ಯಾಟಿನ್ ನುಂಗುತ್ತಿರುವವರು ಇದನ್ನೂ ಸೇರಿಸಿಕೊಂಡರೆ ತಿಳಿಯದೆ ಡೋಸ್ ಏರಿಸಿಕೊಂಡಂತೆ. ಗರ್ಭಿಣಿಯರಿಗೆ ಬೇಡವೇ ಬೇಡ. ಅಂದಹಾಗೆ, 1970ರ ದಶಕದಲ್ಲಿ ಜಪಾನಿನ ಅಕಿರಾ ಎಂಡೊ ಮೊದಲ ಸ್ಟ್ಯಾಟಿನ್ ಕಂಡುಕೊಂಡದ್ದೂ ಬೂಷ್ಟಿನಲ್ಲೇ. ನೈಸರ್ಗಿಕವೇ ಬೇಕೆಂದು ಹಟವಿದ್ದರೆ, ಅಳೆದು ಮಾಡಿದ ಮಾತ್ರೆಯೇ ವಾಸಿ.

ಪ್ರಶ್ನೆ: ನಾಲ್ಕು ತಿಂಗಳಿಂದ ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯುತ್ತಿದ್ದೇನೆ. ನಾಲ್ಕು ಕೆ.ಜಿ. ಇಳಿದಿದ್ದೇನೆ. ಟ್ರೈಗ್ಲಿಸರೈಡ್ 240ರಿಂದ 160ಕ್ಕೆ ಬಂತು, ಎಲ್‌ಡಿಎಲ್ ಮಾತ್ರ ಜಪ್ಪಯ್ಯ ಎಂದರೂ ಕದಲುತ್ತಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಎಲ್ಲಿಯೂ ತಪ್ಪಿಲ್ಲ. ನಡಿಗೆಯ ಫಲ ಟ್ರೈಗ್ಲಿಸರೈಡ್, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಇವುಗಳಲ್ಲಿ ಕಾಣುತ್ತದೆ, ಎಚ್‌ಡಿಎಲ್ ತುಸು ಏರುತ್ತದೆ. ಎಲ್‌ಡಿಎಲ್ ಮೇಲೆ ಅದರ ಪ್ರಭಾವ ಅತ್ಯಲ್ಪ. ಅದಕ್ಕೆ ಮೇಲೆ ಹೇಳಿದ ಕೊಬ್ಬಿನ ಬದಲಾವಣೆ ಮತ್ತು ನಾರು ಬೇಕು. ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್‌ನಿಂದ ಎಚ್‌ಡಿಎಲ್ ಕಳೆದು ನೋಡಿ. ಈ 'ನಾನ್ ಎಚ್‌ಡಿಎಲ್' ಸಂಖ್ಯೆಯಲ್ಲಿ ಟ್ರೈಗ್ಲಿಸರೈಡ್ ಹೊತ್ತ ಕಣಗಳೂ ಲೆಕ್ಕಕ್ಕೆ ಬರುತ್ತವೆ, ನಿಮ್ಮ ಶ್ರಮ ಅಲ್ಲಿ ಕಾಣಿಸೀತು. ತೂಕ ಇನ್ನೂ ಇಳಿಯುತ್ತಿದ್ದರೆ, ಅದು ನಿಂತು ಕೆಲವು ವಾರ ಕಳೆದ ಮೇಲೆ ಪರೀಕ್ಷಿಸಿ. ಕರಗುವ ಕೊಬ್ಬಿನಿಂದ ಕೊಲೆಸ್ಟ್ರಾಲ್ ಹೊರಬಂದು ಕೆಲವರಲ್ಲಿ ಎಲ್‌ಡಿಎಲ್ ತಾತ್ಕಾಲಿಕವಾಗಿ ಏರುತ್ತದೆ. ಉಳಿದ 160ರ ಟ್ರೈಗ್ಲಿಸರೈಡ್‌ಗೆ ಸಿಹಿ ಪಾನೀಯ ಮತ್ತು ಮದ್ಯ ಬಿಟ್ಟು ನೋಡಿ.

ಪ್ರಶ್ನೆ: ದಿನಕ್ಕೆ ಐದು ಕಪ್ ಕಾಫಿ ಕುಡಿಯುತ್ತೇನೆ. ಕೊಲೆಸ್ಟ್ರಾಲ್‌ಗೂ ಕಾಫಿಗೂ ಸಂಬಂಧವಿದೆಯೇ?

ಉತ್ತರ: ಇದೆ, ಆದರೆ ಕೆಫೀನ್‌ನಿಂದಲ್ಲ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಅಂಶವಿದೆ, ಅದು ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಕಾಫಿಯಲ್ಲಿ ಅದು ಹೆಚ್ಚು, ಲೋಹದ ಜಾಲರಿಯಿಂದ ಸೋಸಿದರೂ ಸಾಕಷ್ಟು ಇಳಿದು ಬರುತ್ತದೆ. ಕಾಗದದ ಫಿಲ್ಟರ್ ಬಹುಪಾಲನ್ನು ತಡೆಯುತ್ತದೆ, ಇನ್‌ಸ್ಟಂಟ್ ಕಾಫಿಯಲ್ಲಿ ಅತಿ ಕಡಿಮೆ. ಐದು ಕಪ್ ಕುಡಿಯುವವರು ವಿಧಾನ ಬದಲಿಸಿದರೆ ಸಾಕು.

ಪ್ರಶ್ನೆ: ಮೊಟ್ಟೆಯ ಹಳದಿ ಬಿಸಾಡಬೇಕೇ?

ಉತ್ತರ: ಒಂದು ಹಳದಿಯಲ್ಲಿ ಸುಮಾರು 190 ಮಿ.ಗ್ರಾಂ ಕೊಲೆಸ್ಟ್ರಾಲ್ ಇದ್ದರೂ ಬಹುತೇಕರಿಗೆ ದಿನಕ್ಕೊಂದು ಮೊಟ್ಟೆ ಅಡ್ಡಿಯಿಲ್ಲ. ಅದನ್ನು ಎಷ್ಟು ಬೆಣ್ಣೆಯಲ್ಲಿ ಕರಿದಿರಿ ಎಂಬುದನ್ನು ನೋಡಿ.

ಪ್ರಶ್ನೆ: ವಯಸ್ಸು 31, ಸಪೂರ ಮೈ, ಶುದ್ಧ ಸಸ್ಯಾಹಾರಿ. ಆದರೂ ಎಲ್‌ಡಿಎಲ್ 212. ತಂದೆಗೆ 44ನೇ ವಯಸ್ಸಿನಲ್ಲಿ ಹೃದಯಾಘಾತವಾಗಿತ್ತು. ಆರು ತಿಂಗಳು ಪಥ್ಯ ಮಾಡಿ ನೋಡಲೇ?

ಉತ್ತರ: ಬೇಡ, ಕಾಯಬೇಡಿ. ಎಲ್‌ಡಿಎಲ್ 190ರ ಮೇಲಿದ್ದು ಮನೆಯಲ್ಲಿ ಎಳೆಯ ವಯಸ್ಸಿನ ಹೃದಯಾಘಾತದ ಚರಿತ್ರೆ ಇದ್ದರೆ ಮೊದಲು ಅನುಮಾನಿಸಬೇಕಾದ್ದು ವಂಶವಾಹಿಯ ದೋಷವನ್ನು. ಸಾಮಾನ್ಯವಾಗಿ ಎಲ್‌ಡಿಎಲ್ ಗ್ರಾಹಕದಲ್ಲೇ ಊನವಿರುತ್ತದೆ. ಈ ಗ್ರಾಹಕವನ್ನು ಗುರುತಿಸಿದ್ದಕ್ಕೇ ವಿಜ್ಞಾನಿಗಳಾದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರ ನೊಬೆಲ್ ಬಂದದ್ದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇರುವಂಥ ಸಮಸ್ಯೆ ಇದು, ಅಪರೂಪವೇನಲ್ಲ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದೆಯೇ, ಕಣ್ಣಿನ ಕಪ್ಪುಭಾಗದ ಅಂಚಿನಲ್ಲಿ ಬಿಳಿ ಉಂಗುರ ಕಾಣುತ್ತಿದೆಯೇ ನೋಡಿಕೊಳ್ಳಿ. ಇಲ್ಲದಿದ್ದರೂ ಅನುಮಾನ ಬಿಡುವಂತಿಲ್ಲ. ನಿಮ್ಮ ವಿಷಯದಲ್ಲಿ ಊಟ ಸಹಾಯಕ, ಔಷಧಿ ಮುಖ್ಯ. ಒಡಹುಟ್ಟಿದವರಿಗೂ ಮಕ್ಕಳಿಗೂ ಇದು ಬರುವ ಸಾಧ್ಯತೆ ಅರ್ಧಕ್ಕರ್ಧ, ಅವರಿಗೂ ಪರೀಕ್ಷೆ ಮಾಡಿಸಿ, ಮಕ್ಕಳು ದೊಡ್ಡವರಾಗಲಿ ಎಂದು ಕಾಯುತ್ತ ಕೂರಬೇಡಿ. ವಂಶದಿಂದಲೇ ಬರುವ ಇನ್ನೊಂದು ಕೊಬ್ಬಿನ ಕಣವಾದ ಲೈಪೊಪ್ರೋಟೀನ್ (ಎ) ಪರೀಕ್ಷೆಯನ್ನೂ ಜೀವನದಲ್ಲಿ ಒಮ್ಮೆ ಮಾಡಿಸಿಕೊಂಡರೆ ಒಳ್ಳೆಯದು.

ಪ್ರಶ್ನೆ: ವರ್ಷದಿಂದ ಸ್ಟ್ಯಾಟಿನ್ ತೆಗೆದುಕೊಳ್ಳುತ್ತಿದ್ದೇನೆ, ಎಲ್‌ಡಿಎಲ್ ಈಗ 70. ನಾರ್ಮಲ್ ಆಯಿತಲ್ಲ, ಮಾತ್ರೆ ಬಿಟ್ಟು ಓಟ್ಸ್, ಇಸಬ್ಗೋಲ್‌ಗೆ ಬರಬಹುದೇ? ಆಗಾಗ ತೊಡೆ ನೋವೂ ಇದೆ.

ಉತ್ತರ: 70 ಇರುವುದು ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಹಳೆಯ ಸಂಖ್ಯೆ ವಾಪಸ್. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸುವುದು ಅಪಾಯ. ಬದಲಿಗೆ ಎರಡನ್ನೂ ಜೊತೆಯಾಗಿಸಿ. ಸ್ಟ್ಯಾಟಿನ್ ಡೋಸ್ ಇಮ್ಮಡಿ ಮಾಡಿದರೆ ಎಲ್‌ಡಿಎಲ್ ಹೆಚ್ಚುವರಿಯಾಗಿ ಇಳಿಯುವುದು ಸುಮಾರು ಶೇ 6 ಮಾತ್ರ. ದಿನಕ್ಕೆ 10 ಗ್ರಾಂ ಇಸಬ್ಗೋಲ್ ಹೆಚ್ಚುಕಡಿಮೆ ಅಷ್ಟನ್ನೇ ಮಾಡುತ್ತದೆ. ಡೋಸ್ ಏರಿಸಬೇಕಾದ ಸಂದರ್ಭ ಬಂದಾಗ ಇದನ್ನು ನಿಮ್ಮ ಡಾಕ್ಟರ ಮುಂದಿಡಿ.

ತೊಡೆ ನೋವಿನ ಬಗ್ಗೆ: ಅಡ್ಡಪರಿಣಾಮವೆಂದು ಸ್ಟ್ಯಾಟಿನ್ ಬಿಟ್ಟಿದ್ದವರಿಗೆ ಲಂಡನ್ನಿನ ಸಂಶೋಧಕರು ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಖಾಲಿ ಮಾತ್ರೆಯನ್ನು ಯಾವುದು ಯಾವುದೆಂದು ಹೇಳದೆ ಅದಲುಬದಲು ಕೊಟ್ಟಿದ್ದರು, ಕೆಲವು ತಿಂಗಳು ಏನೂ ಕೊಟ್ಟಿರಲಿಲ್ಲ. 2020ರಲ್ಲಿ ಬಂದ ಫಲಿತಾಂಶದಂತೆ ಸ್ಟ್ಯಾಟಿನ್‌ನಲ್ಲಿ ಕಂಡ ತೊಂದರೆಯ ಶೇ 90ರಷ್ಟು ಖಾಲಿ ಮಾತ್ರೆಯಲ್ಲೂ ಕಂಡಿತ್ತು. ನಿಮ್ಮ ನೋವು ಸುಳ್ಳೆಂದಲ್ಲ, ಕಾರಣ ಬೇರೆಯಿರಬಹುದು. ವಿಟಮಿನ್ ಡಿ, ಥೈರಾಯ್ಡ್, ಸಿಕೆ (ಸ್ನಾಯುವಿನ ಹಾನಿ ತೋರಿಸುವ) ಪರೀಕ್ಷೆ ಮಾಡಿಸಿ, ಮಾತ್ರೆ ಬದಲಿಸುವ ದಾರಿಯೂ ಇದೆ. ನೋವಿನ ಜೊತೆ ನಿಶ್ಶಕ್ತಿ, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗುವುದು ಕಂಡರೆ ಮಾತ್ರ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಸಿಂವಾಸ್ಟ್ಯಾಟಿನ್, ಅಟೋರ್ವಾಸ್ಟ್ಯಾಟಿನ್ ತೆಗೆದುಕೊಳ್ಳುವವರು ದ್ರಾಕ್ಷಿಹಣ್ಣಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್ ರಸವನ್ನು ಹೆಚ್ಚು ಕುಡಿಯಬಾರದು, ರಕ್ತದಲ್ಲಿ ಔಷಧಿಯ ಮಟ್ಟ ಏರಿ ಸ್ನಾಯುಗಳಿಗೆ ಪೆಟ್ಟಾಗುತ್ತದೆ. ರೊಸುವಾಸ್ಟ್ಯಾಟಿನ್‌ಗೆ ಈ ತಕರಾರಿಲ್ಲ.