ರಿಸೀಟ್ ಪದದಲ್ಲಿ ಪಿ ಯಾಕಿದೆ? ಬಾಯಲ್ಲಿ ಹೇಳದ ಅಕ್ಷರಾನ ನೆನಪಿಟ್ಕೊಳ್ಳೋದು ಹೇಗೆ?

ನಾನೂ ಕನ್ನಡ ಮೀಡಿಯಂನೋನೇ, ಅದಕ್ಕೇ ಈ ಪ್ರಶ್ನೆ ನೋಡಿದ ತಕ್ಷಣ ಬರೀತಿದೀನಿ. ಮೊದಲನೇ ಕೆಲಸಕ್ಕೆ ಸೇರಿದ ವಾರ "ಸಾರ್, ರಿಸಿಪ್ಟ್ ಬುಕ್ ಎಲ್ಲಿದೆ" ಅಂತ ಪಿ ಒತ್ತಿ ಕೇಳ್ದೆ, ಅಲ್ಲಿದ್ದ ನಾಲ್ಕೂ ಜನ ನಕ್ಕುಬಿಟ್ರು. ಆಮೇಲೆ ಎಷ್ಟೋ ದಿನ ಆ ಪದ ಬರೋ ಕಡೆಯೆಲ್ಲ "ಬಿಲ್" ಅಂತಿದ್ದೆ. ನಕ್ಕಿದ್ದು ತಪ್ಪು ಅಂತ ಇವತ್ತಿಗೂ ಅನ್ಸುತ್ತೆ, ಯಾಕಂದ್ರೆ ಕನ್ನಡದಲ್ಲಿ ಬರ್ದಿದ್ದನ್ನ ಬರ್ದಂಗೇ ಓದಿ ಬೆಳೆದೋರು ಇಂಗ್ಲಿಷನ್ನೂ ಹಂಗೇ ಓದ್ತಾರೆ.

ಆ ಪಿ ಕಥೆ ಏನಂದ್ರೆ, ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಈ ಪದಾನ ಹೆಚ್ಚಾಗಿ ಪಿ ಇಲ್ದೇನೇ ಬರೀತಿದ್ರು. ಆಮೇಲೆ ಲ್ಯಾಟಿನ್ ಓದ್ಕೊಂಡಿದ್ದ ಪಂಡಿತರು ಮೂಲ ಪದ ಕಾಣ್ಲಿ ಅಂತ ಪಿ ಸೇರಿಸಿದ್ರು, ಜನ ಮಾತ್ರ ಹಳೇ ಥರಾನೇ ಹೇಳ್ತಾ ಹೋದ್ರು. ಸಾಲ ಅನ್ನೋ ಡೆಟ್‌ನಲ್ಲಿರೋ ಬಿ ಕೂಡ ಹಿಂಗೇ ಬಂದು ಸೇರ್ಕೊಂಡಿದ್ದು. ಐಲ್ಯಾಂಡ್‌ನಲ್ಲಿರೋ ಎಸ್ ಅಂತೂ ಪಂಡಿತರದೇ ತಪ್ಪು, ಅದು ಹಳೇ ಇಂಗ್ಲಿಷಿನ ಸ್ವಂತ ಪದ, ಲ್ಯಾಟಿನ್‌ನಿಂದ ಬಂದ, ದ್ವೀಪ ಅಂತಲೇ ಅರ್ಥ ಇರೋ ಐಲ್ ಅನ್ನೋ ಬೇರೆ ಪದದ ಜೊತೆ ಗಂಟು ಹಾಕಿಬಿಟ್ರು. ನೈಫ್‌ನಲ್ಲಿರೋ ಕೆ ಬೇರೆ ಥರ, ಅದನ್ನ ಒಂದು ಕಾಲದಲ್ಲಿ ನಿಜವಾಗ್ಲೂ ಹೇಳ್ತಿದ್ರು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅನ್ನೋ ಮುದ್ರಕ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ ಮೇಲೆ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಯ್ತು, ಉಚ್ಚಾರಣೆ ಬದಲಾಗ್ತಾನೇ ಇತ್ತು.

ನೆನಪಿಟ್ಕೊಳ್ಳೋಕೆ ನಾನು ಮಾಡೋದು ಇಷ್ಟೇ, ಆ ಪದದ ನೆಂಟರನ್ನ ಹುಡುಕ್ತೀನಿ. ಇಲ್ಲಿ ಬಾಯಿ ಮುಚ್ಕೊಂಡಿರೋ ಅಕ್ಷರ ನೆಂಟರ ಮನೇಲಿ ಮಾತಾಡುತ್ತೆ. ರಿಸೀಟ್‌ನ ಪಿ ರಿಸೆಪ್ಷನ್‌ನಲ್ಲಿ ಕೇಳ್ಸುತ್ತೆ, ಡೆಟ್‌ನ ಬಿ ಡೆಬಿಟ್ ಕಾರ್ಡಲ್ಲಿ, ಸೈನ್‌ನ ಜಿ ಸಿಗ್ನೇಚರ್‌ನಲ್ಲಿ, ಮಸಲ್‌ನ ಸಿ ಮಸ್ಕ್ಯುಲರ್‌ನಲ್ಲಿ. ನಾವೆಲ್ಲ ಪ್ಲಂಬರ್ ಅಂತೀವಲ್ಲ, ಅದು ಪ್ಲಮರ್, ಬಿ ಹೇಳಂಗಿಲ್ಲ ಆದ್ರೆ ಬರೀಬೇಕು. ಸೀಸಕ್ಕೆ ಲ್ಯಾಟಿನ್‌ನಲ್ಲಿ ಪ್ಲಂಬಮ್ ಅಂತಾರೆ, ಕೆಮಿಸ್ಟ್ರೀಲಿ ಸೀಸದ ಗುರುತು ಪಿಬಿ ಅಂತ ಓದಿರ್ತೀರಲ್ಲ, ಅದೇ ಬಿ ಇದು. ಹಿಂದೆ ಸೀಸದ ಕೆಲಸ ಮಾಡೋನಿಗೆ ಆ ಹೆಸರು. (ನಮ್ಮ ರಸೀದಿ ಪಾರ್ಸಿಯಿಂದ ಬಂದಿದ್ದು, ರಿಸೀಟ್‌ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಕೇಳೋಕೆ ಒಂದೇ ಥರ ಇದೆ ಅಷ್ಟೇ.)

ಒಂದು ಕಡೆ ಮಾತ್ರ ಈ ಉಪಾಯ ಕೈಕೊಡುತ್ತೆ, ಹುಷಾರು. ಪ್ರೊನೌನ್ಸ್ ನೋಡ್ಕೊಂಡು ಎಲ್ರೂ ಪ್ರೊನೌನ್ಸಿಯೇಷನ್ ಅಂತಾರೆ, ಹಂಗೇ ಬರೀತಾರೆ ಕೂಡ. ಅದು ಪ್ರೊನನ್ಸಿಯೇಷನ್, ಎನ್ ಆದ್ಮೇಲೆ ಓ ಇಲ್ಲ, ಬರೀ ಯು.